ತಪ್ಪು ತೀರ್ಪನ್ನು ಮುಚ್ಚಿಟ್ಟು ಯಾರನ್ನು ಕಾಪಾಡುತ್ತಿದ್ದೇವೆ?

ಕಳಸ ಆಗಿನ್ನೂ ಮೂಡಿಗೆರೆ ತಾಲ್ಲೂಕಿನ ಒಂದು ಹೋಬಳಿ. ಆ ವರ್ಷ ಮಳೆ ಬಿಡುವ ಲಕ್ಷಣವೇ ಕಾಣಲಿಲ್ಲ. ಶಾಲಾ ಮಕ್ಕಳ ಕ್ರೀಡಾಕೂಟವನ್ನು ಮುಂದೂಡಿ ಮುಂದೂಡಿ ಸಾಕಾಗಿ, ಕಡೆಗೊಂದು ದಿನ ಜಿರಿಜಿರಿ ಮಳೆಯಲ್ಲೇ ನಡೆಸಿದರು. ಹೆಣ್ಣುಮಕ್ಕಳ ಕಬಡ್ಡಿ ಫೈನಲ್‌ಗೆ ಒಂದು ಬದಿಯ ಅಂಪೈರ್ ನಾನು. ಬೆಳಿಗ್ಗೆ ಹಾಕಿದ ಸುಣ್ಣದ ಗೆರೆ ಮಧ್ಯಾಹ್ನದ ಹೊತ್ತಿಗೆ ಕೆಂಪು ಮಣ್ಣಿನಲ್ಲಿ ಕಲಸಿ ಅಂಗೈ ಅಗಲ ಹರಡಿಕೊಂಡಿತ್ತು. 21–21 ಸಮ, ಕೊನೆಯ ರೈಡ್. ತೋಟದ ಕೂಲಿಗಾರರ ಲೈನ್ ಮನೆಯಿಂದ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು ಬರಿಗಾಲಲ್ಲಿ ನುಗ್ಗಿ, ಮೂಲೆಯಲ್ಲಿದ್ದವಳ ಮೊಣಕಾಲು ಮುಟ್ಟಿ, ಬಾಗಿ ತಪ್ಪಿಸಿಕೊಂಡು ನಡುಗೆರೆ ದಾಟಿಬಿಟ್ಟಳು. ನಾನು ವಿಸಿಲ್ ಊದಿ ಕೈ ಎತ್ತಿದೆ. ಯಾರನ್ನೂ ಮುಟ್ಟುವ ಮೊದಲೇ ಅವಳ ಕಾಲು ಅಂಕಣದ ಬದಿಯ ಲಾಬಿಗೆ ಹೋಗಿದೆ, ಆದ್ದರಿಂದ ಅವಳು ಔಟ್, ಎದುರಾಳಿಗೆ ಒಂದು ಅಂಕ. ಅವಳ ತಂಡಕ್ಕೆ 22–21 ಆಗಬೇಕಿದ್ದದ್ದು 21–22 ಆಯಿತು.

ಗೆದ್ದವರು ಕುಣಿಯುತ್ತಿದ್ದಾಗ ನಾನು ಆ ಜಾಗಕ್ಕೆ ಹೋಗಿ ಬಗ್ಗಿ ನೋಡಿದೆ. ಹಿಮ್ಮಡಿಯ ಅಚ್ಚು ಹಸಿ ಮಣ್ಣಿನಲ್ಲಿ ಹಾಗೇ ಇತ್ತು. ಅಂಗಳದ ಎರಡು ತುದಿಯ ಗೂಟಗಳಿಗೆ ಕಣ್ಣಳತೆ ಹಿಡಿದು ನೋಡಿದರೆ, ನಿಜವಾದ ಗೆರೆಗಿಂತ ಮೂರು ಬೆರಳು ಒಳಗೆ. ಹರಡಿದ ಸುಣ್ಣವನ್ನು ಗೆರೆ ಎಂದುಕೊಂಡು ನಾನು ತೀರ್ಪು ಕೊಟ್ಟಿದ್ದೆ. ಹೋಗಿ ಮುಖ್ಯ ರೆಫರಿಗೆ ಹೇಳಿದೆ. ಅವರು ಸುತ್ತ ನೋಡಿ, ದನಿ ತಗ್ಗಿಸಿ, "ಬಿಡಿ ಮಾರಾಯ್ರೆ, ಈಗ ಬಾಯಿ ಬಿಟ್ರೆ ಗಲಾಟೆ ಆಗ್ತದೆ. ನಾಳೆಯಿಂದ ನಮ್ಮ ವಿಸಿಲ್‌ಗೆ ಯಾರು ಬೆಲೆ ಕೊಡ್ತಾರೆ?" ಅಂದರು. ನಾನು ಬಿಟ್ಟೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಹತ್ತಿರ ಬಂದು, "ಸಾರ್, ನನ್ನ ಕಾಲು ಒಳಗೇ ಇತ್ತಲ್ಲ ಸಾರ್?" ಎಂದು ಕೇಳಿದಳು. ಜಗಳದ ದನಿ ಅಲ್ಲ ಅದು. ತನ್ನ ಕಾಲು ಎಲ್ಲಿತ್ತು ಎಂಬ ಬಗ್ಗೆ ತನಗೇ ಅನುಮಾನ ಹುಟ್ಟಿದವಳ ದನಿ. "ಅಂಪೈರ್ ಹೇಳಿದ ಮೇಲೆ ಮುಗೀತು ಮಗಾ, ಹೋಗು" ಅಂದೆ.

ವಾರ ಕಳೆಯುವುದರೊಳಗೆ ಊರಲ್ಲಿ ಮಾತು ಹುಟ್ಟಿತು. ಗೆದ್ದ ತಂಡಕ್ಕೆ ಊಟದ ವ್ಯವಸ್ಥೆ ಮಾಡಿದ್ದ ತೋಟದ ಸಾಹುಕಾರರ ಜೊತೆ ನಾನು ಕಾಫಿ ಕುಡಿದದ್ದನ್ನು ಯಾರೋ ನೋಡಿದ್ದರು. ಲೈನ್ ಮನೆಯ ಮಕ್ಕಳು ಗೆಲ್ಲುವುದು ಕೆಲವರಿಗೆ ಇಷ್ಟವಿರಲಿಲ್ಲ, ಅಂಪೈರ್‌ಗೆ ಹೇಳಿಸಿದ್ದರು ಎಂದಾಯಿತು. ಅದು ಸುಳ್ಳು. ಆದರೆ ಸುಳ್ಳು ಎಂದು ಹೇಳುವ ಬಾಯನ್ನು ನಾನೇ ಕಟ್ಟಿಕೊಂಡಿದ್ದೆ. "ಮೋಸ ಮಾಡಲಿಲ್ಲ, ತಪ್ಪು ಮಾಡಿದೆ" ಎನ್ನಬೇಕಾದರೆ ಮೊದಲು ತಪ್ಪಾಗಿದೆ ಎಂದು ಒಪ್ಪಬೇಕಲ್ಲ.

ತೀರ್ಪುಗಾರರ ತಪ್ಪುಗಳನ್ನು ಬಹಿರಂಗಪಡಿಸಬಾರದು ಎಂಬ ಅಭಿಪ್ರಾಯ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂದರೆ ಅದನ್ನು ಯಾರೂ ವಾದ ಮಾಡಿ ಸಮರ್ಥಿಸುವ ಗೋಜಿಗೇ ಹೋಗುವುದಿಲ್ಲ. ಕ್ರಿಕೆಟ್ ಮಂಡಳಿಯಿಂದ ಹಿಡಿದು ಹೋಬಳಿ ಮಟ್ಟದ ಪಿ.ಟಿ. ಮೇಷ್ಟ್ರುಗಳವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಒಳಗೊಳಗೇ ವಿಚಾರಿಸೋಣ, ಒಳಗೊಳಗೇ ಬುದ್ಧಿ ಹೇಳೋಣ, ಹೊರಗೆ ಬಿಟ್ಟರೆ ಅಂಪೈರ್‌ನ ಮರ್ಯಾದೆ ಹೋಗುತ್ತದೆ, ಮುಂದೆ ಈ ಕೆಲಸಕ್ಕೆ ಯಾರೂ ಬರುವುದಿಲ್ಲ. ಇದನ್ನು ಹೇಳುವವರಲ್ಲಿ ಹೆಚ್ಚಿನವರು ಒಳ್ಳೆಯವರು, ಅಂಪೈರ್‌ಗಳ ಬಗ್ಗೆ ನಿಜವಾದ ಕಾಳಜಿ ಇರುವವರು. ಅವರ ಮಾತು ತಪ್ಪು ಎಂದೇ ನನ್ನ ವಾದ. ಮುಚ್ಚಿಟ್ಟ ತಪ್ಪು ಹೊರಗಿನಿಂದ ನೋಡುವವನಿಗೆ ಮೋಸದ ಹಾಗೆಯೇ ಕಾಣುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವ ದಾರಿ ಒಂದೇ, ತಪ್ಪನ್ನು ಹೊರಗೆ ಹೇಳುವುದು. ಆ ದಾರಿ ಮುಚ್ಚಿದರೆ ಮೊದಲು ಬೀಳುವವನು ಪ್ರಾಮಾಣಿಕ ಅಂಪೈರ್.

1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತದ್ದನ್ನು ಕನ್ನಡಿಗರು ಯಾರೂ ಮರೆತಿಲ್ಲ. 74 ರನ್‌ಗೆ ಹತ್ತು. ಆ ಹತ್ತೂ ವಿಕೆಟ್ ಬಿದ್ದಾಗ ಬೌಲರ್ ತುದಿಯಲ್ಲಿ ನಿಂತಿದ್ದ ಅಂಪೈರ್ ಕೂಡ ಕನ್ನಡಿಗರೇ, ಎ.ವಿ. ಜಯಪ್ರಕಾಶ್. ಅವತ್ತಿನ ಕೆಲವು ತೀರ್ಪುಗಳ ಬಗ್ಗೆ ಪಾಕಿಸ್ತಾನದ ಕಡೆಯಿಂದ ಗೊಣಗಾಟ ಇಂದಿಗೂ ನಿಂತಿಲ್ಲ; ಅಫ್ರಿದಿಯ ಬ್ಯಾಟಿಗೆ ಚೆಂಡು ತಾಗಿತ್ತೋ ಇಲ್ಲವೋ ಎಂಬ ಜಗಳ ಈಗಲೂ ಇದೆ. ಆ ಪಂದ್ಯದ ಪ್ರತಿ ಮನವಿಯನ್ನೂ ಪರಿಶೀಲಿಸಿ, ಇಷ್ಟು ಸರಿ, ಇಂಥದ್ದು ತಪ್ಪು ಅಥವಾ ಅನುಮಾನ ಎಂದು ಒಂದು ಹಾಳೆಯನ್ನು ಆಗಲೇ ಹೊರಗಿಟ್ಟಿದ್ದರೆ ಏನಾಗುತ್ತಿತ್ತು? ತಪ್ಪು ಇದ್ದರೆ ಅಷ್ಟು ತಪ್ಪು ಎಂದಾಗುತ್ತಿತ್ತು, ಉಳಿದದ್ದು ಕುಂಬ್ಳೆಯ ಕೈಚಳಕ ಎಂದು ಲೋಕ ಒಪ್ಪುತ್ತಿತ್ತು. ಅಂಥ ಹಾಳೆ ಇಲ್ಲದ್ದರಿಂದ, ಒಂದೆರಡು ತೀರ್ಪಿನ ಅನುಮಾನ ಹತ್ತಕ್ಕೂ ಹರಡಿದೆ. ಮಸಿ ಹತ್ತಿದ್ದು ಅಂಪೈರ್‌ಗೆ ಮಾತ್ರ ಅಲ್ಲ, ಬೌಲರ್‌ಗೂ ಹತ್ತಿದೆ.

2019ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಒಂದೇ ಆವರಣದಲ್ಲಿ ನಾಲ್ಕು ತಿಂಗಳೊಳಗೆ ಮೂರು ಸಲ ಇದೇ ಪಾಠ ಕಲಿಸಿತು. ಜನವರಿ ಕೊನೆಯಲ್ಲಿ ರಣಜಿ ಸೆಮಿಫೈನಲ್, ಕರ್ನಾಟಕದ ಎದುರು ಸೌರಾಷ್ಟ್ರ. ಎರಡನೇ ಇನಿಂಗ್ಸ್‌ನಲ್ಲಿ ವಿನಯ್ ಕುಮಾರ್ ಎಸೆತ ಚೇತೇಶ್ವರ ಪೂಜಾರರ ಬ್ಯಾಟಿನ ಅಂಚಿಗೆ ತಾಗಿ ಕೀಪರ್ ಕೈ ಸೇರಿತು. ಟಿ.ವಿ. ನೋಡಿದವರಿಗೆಲ್ಲ ಕಂಡದ್ದು ಅಂಪೈರ್‌ಗೆ ಕಾಣಲಿಲ್ಲ. ಪೂಜಾರ ಔಟಾಗದೆ 131 ಹೊಡೆದರು, 279ರ ಗುರಿಯನ್ನು ಸೌರಾಷ್ಟ್ರ ಐದು ವಿಕೆಟ್ ಉಳಿಸಿಕೊಂಡು ಮುಟ್ಟಿತು. ನಮ್ಮ ಪ್ರೇಕ್ಷಕರು ಪೂಜಾರರನ್ನೇ "ಚೀಟರ್" ಎಂದು ಕೂಗಿದರು. ಅದು ನಾಚಿಕೆಗೇಡು. ಅಂಪೈರ್‌ನ ತಪ್ಪಿಗೆ ಅಧಿಕೃತವಾಗಿ ಹೆಸರಿಡುವವರು ಯಾರೂ ಇಲ್ಲದಾಗ ಆ ಸಿಟ್ಟು ಕೈಗೆ ಸಿಕ್ಕವನ ಮೇಲೆ ಬೀಳುತ್ತದೆ, ಅವತ್ತು ಸಿಕ್ಕಿದವರು ಪೂಜಾರ. ಮುಂದಿನ ಋತುವಿನಲ್ಲಿ ಮಂಡಳಿ ರಣಜಿ ಸೆಮಿಫೈನಲ್‌ಗಳಿಗೆ ಸೀಮಿತ ಡಿಆರ್‌ಎಸ್ ತಂದಿತು. ಮದ್ದು ಬಂತು, ಸಂತೋಷ. ಆದರೆ ರೋಗ ಏನಿತ್ತೆಂದು ಯಾವ ಕಡತದಿಂದಲೂ ನಮಗೆ ಓದಿ ಹೇಳಲಿಲ್ಲ.

ಮಾರ್ಚ್ 28ಕ್ಕೆ ಅದೇ ಮೈದಾನದಲ್ಲಿ ಐಪಿಎಲ್. ಮುಂಬೈ ಎದುರು ಆರ್‌ಸಿಬಿಯ ಕೊನೆಯ ಎಸೆತ, ಲಸಿತ್ ಮಾಲಿಂಗ ಗೆರೆ ದಾಟಿ ಹಾಕಿದ ನೋಬಾಲ್ ಅನ್ನು ಅಂಪೈರ್ ಎಸ್. ರವಿ ಗಮನಿಸಲಿಲ್ಲ. ಆರ್‌ಸಿಬಿ ಆರು ರನ್‌ನಿಂದ ಸೋತಿತು. ರವಿ ಆಗ ಐಸಿಸಿ ಎಲೀಟ್ ಪ್ಯಾನೆಲ್‌ನಲ್ಲಿದ್ದ ಒಬ್ಬನೇ ಭಾರತೀಯ. ಜುಲೈನಲ್ಲಿ ಅವರು ಆ ಪಟ್ಟಿಯಿಂದ ಹೊರಬಿದ್ದರು. ಯಾವ ಪಂದ್ಯದ ಯಾವ ತೀರ್ಪಿಗಾಗಿ? ಅವರಿಗೆ ಬಂದ ಅಂಕವೆಷ್ಟು, ಉಳಿದವರದ್ದೆಷ್ಟು? ಅಂಪೈರ್‌ಗಳಿಗೆ ಕೊಡುವ ಅಂಕಗಳು ಜನರ ಮುಂದೆ ಬರುವುದಿಲ್ಲವಾದ್ದರಿಂದ ಊಹೆಯೊಂದೇ ಉಳಿಯಿತು, ಎಲ್ಲರೂ ಆ ಒಂದು ನೋಬಾಲ್‌ಗೇ ಗಂಟು ಹಾಕಿದರು. ವರ್ಷಗಟ್ಟಲೆ ದೇಶದೇಶಗಳಲ್ಲಿ ಟೆಸ್ಟ್ ನಡೆಸಿದ ಮನುಷ್ಯನ ಹೆಸರು ಹೇಳಿದರೆ ಇವತ್ತು ನಮ್ಮ ಹುಡುಗರಿಗೆ ನೆನಪಾಗುವುದು ಮಾಲಿಂಗನ ಕಾಲು. ಗುಟ್ಟು ಕಾಪಾಡಿಕೊಟ್ಟ ಮರ್ಯಾದೆ ಇಷ್ಟೇ.

ಮೂರನೆಯದು ಮೇ 4. ಉಮೇಶ್ ಯಾದವ್ ಹಾಕಿದ ಎಸೆತವನ್ನು ಇಂಗ್ಲೆಂಡಿನ ಅಂಪೈರ್ ನೈಜೆಲ್ ಲಾಂಗ್ ನೋಬಾಲ್ ಎಂದರು. ದೊಡ್ಡ ಪರದೆಯಲ್ಲಿ ಕಾಲು ಗೆರೆಯ ಹಿಂದೆಯೇ ಇದ್ದದ್ದು ಇಡೀ ಮೈದಾನಕ್ಕೆ ಕಂಡಿತು. ತೀರ್ಪು ಬದಲಾಗಲಿಲ್ಲ. ಇನಿಂಗ್ಸ್ ಮುಗಿದ ಮೇಲೆ ಲಾಂಗ್ ಅಂಪೈರ್‌ಗಳ ಕೋಣೆಯ ಬಾಗಿಲಿಗೆ ಒದ್ದು ಹಾಳು ಮಾಡಿದರು, ಅದಕ್ಕೆ ಐದು ಸಾವಿರ ರೂಪಾಯಿ ಕಟ್ಟಿದರು. ಈ ಸುದ್ದಿ ಓದಿ ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಕಳಸದ ಆ ಸಂಜೆ ಮನೆಗೆ ಹೋದಾಗ ನನಗೂ ಒದೆಯಲು ಒಂದು ಬಾಗಿಲು ಬೇಕಿತ್ತು. "ನನ್ನಿಂದ ತಪ್ಪಾಯಿತು" ಎಂದು ಮೈಕ್‌ನಲ್ಲಿ ಹೇಳಲು ಆ ಮನುಷ್ಯನಿಗೆ ಅವಕಾಶ ಇದ್ದಿದ್ದರೆ ಬಾಯಲ್ಲಿ ಬರಬೇಕಿದ್ದದ್ದು ಕಾಲಿಗೆ ಇಳಿಯುತ್ತಿರಲಿಲ್ಲ. ಗುಟ್ಟಿನ ನಿಯಮ ಅಂಪೈರ್‌ಗೆ ರಕ್ಷಣೆ ಎನ್ನುವವರು, ತಪ್ಪನ್ನು ನುಂಗಿಕೊಂಡು ನಿಲ್ಲುವುದು ಏನೆಂದು ಒಂದು ಸಲ ವಿಸಿಲ್ ಹಿಡಿದು ನೋಡಬೇಕು.

ಇನ್ನೊಂದು ಅನ್ಯಾಯ ನೋಡಿ. ಆಟಗಾರ ತಪ್ಪಿದರೆ ಊರಿಗೆಲ್ಲ ಡಂಗುರ. 2023ರ ಜುಲೈನಲ್ಲಿ ಢಾಕಾದಲ್ಲಿ ಹರ್ಮನ್‌ಪ್ರೀತ್ ಕೌರ್ ಬ್ಯಾಟಿನಿಂದ ವಿಕೆಟ್‌ಗೆ ಹೊಡೆದು, ಅಂಪೈರಿಂಗ್ ಬಗ್ಗೆ ಎಲ್ಲರೆದುರು ಕಟುವಾಗಿ ಮಾತಾಡಿದಾಗ, ಯಾವ ನಿಯಮ ಮುರಿದರು, ಎಷ್ಟು ದಂಡ, ಎಷ್ಟು ಪಂದ್ಯ ನಿಷೇಧ ಎಂಬುದೆಲ್ಲ ಐಸಿಸಿ ಪ್ರಕಟಣೆಯಲ್ಲಿ ಬಂತು. ಎರಡು ಪಂದ್ಯಗಳ ನಿಷೇಧ ತಕ್ಕದ್ದೇ ಆಗಿತ್ತು. ಆದರೆ ಅವರು ದೂರಿದ ತೀರ್ಪುಗಳು ಸರಿಯೋ ತಪ್ಪೋ ಎಂಬ ಮೌಲ್ಯಮಾಪನ ಅದೇ ರೀತಿ ಹೊರಗೆ ಬರಬೇಕಿತ್ತಲ್ಲ? ಆಟಗಾರರ ಮಾತು ಬಿಡಿ, ಪಿಚ್‌ನ ತಪ್ಪು ಕೂಡ ಬಹಿರಂಗ. 2022ರ ಮಾರ್ಚ್‌ನಲ್ಲಿ ಶ್ರೀಲಂಕಾ ಎದುರಿನ ಹಗಲು-ರಾತ್ರಿ ಟೆಸ್ಟ್ ಮೂರೇ ದಿನಕ್ಕೆ ಮುಗಿದಾಗ, ಚಿನ್ನಸ್ವಾಮಿಯ ಪಿಚ್ "ಸರಾಸರಿಗಿಂತ ಕೆಳಗೆ" ಎಂದು ದರ್ಜೆ ಕೊಟ್ಟು ಒಂದು ಡಿಮೆರಿಟ್ ಅಂಕ ಹಾಕಿದವರು ಮ್ಯಾಚ್ ರೆಫರಿ ಜಾವಗಲ್ ಶ್ರೀನಾಥ್. ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ಜಾವಗಲ್‌ನ ಹೆಸರು ಹೊತ್ತ ಮನುಷ್ಯ, ಕರ್ನಾಟಕಕ್ಕಾಗಿ ಬೆವರು ಸುರಿಸಿದವರು, ತಮ್ಮದೇ ರಾಜ್ಯದ ಮೈದಾನದ ದೋಷವನ್ನು ಕಾರಣ ಸಮೇತ ಬರೆದರು. ಅದು ಪ್ರಕಟವೂ ಆಯಿತು. ಅದರಿಂದ ಚಿನ್ನಸ್ವಾಮಿಯ ಗೌರವ ಮಣ್ಣುಪಾಲಾಯಿತೇ? ಪಿಚ್ ಮಾಡುವವರು ಕೆಲಸ ಬಿಟ್ಟು ಓಡಿದರೇ? ಮುಂದಿನ ಪಂದ್ಯಕ್ಕೆ ಇನ್ನಷ್ಟು ಜಾಗ್ರತೆ ವಹಿಸಿದರು. ಮಣ್ಣಿಗೆ ತಾಳಿಕೊಳ್ಳಲು ಆಗುವ ಸತ್ಯ ಮನುಷ್ಯನಿಗೆ ಆಗುವುದಿಲ್ಲ ಎನ್ನುವುದು ಅಂಪೈರ್‌ಗೆ ತೋರಿಸುವ ಗೌರವವಲ್ಲ.

ಗುಟ್ಟಿನಲ್ಲಿ ನಡೆಯುವ ಕ್ರಮ ಮೃದುವಾಗಿರುತ್ತದೆ ಎಂಬುದೂ ಭ್ರಮೆ. 2008ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿಸಿಕೊಳ್ಳಿ. ಸೈಮಂಡ್ಸ್ 30 ರನ್ ಆಗಿದ್ದಾಗ ಕೀಪರ್ ಕ್ಯಾಚ್ ಕೊಟ್ಟೂ ಉಳಿದು 162 ಹೊಡೆದರು. ಕೊನೆಯ ದಿನ ದ್ರಾವಿಡ್‌ರ ಪ್ಯಾಡಿಗೆ ತಾಗಿದ ಚೆಂಡಿಗೆ ಸ್ಟೀವ್ ಬಕ್ನರ್ ಔಟ್ ಕೊಟ್ಟರು. ಭಾರತ 122 ರನ್‌ನಿಂದ ಸೋತಿತು, ನಾಯಕ ಕುಂಬ್ಳೆ ಔಟಾಗದೆ ಉಳಿದಿದ್ದರು. ಐಸಿಸಿ ಏನು ಮಾಡಿತು? ಬಿಸಿ ತಣ್ಣಗಾಗಲಿ ಎಂದು ಪರ್ತ್ ಟೆಸ್ಟ್‌ಗೆ ಬಕ್ನರ್‌ರನ್ನು ತೆಗೆದು ಬಿಲ್ಲಿ ಬೌಡನ್‌ರನ್ನು ತಂದಿತು. ಯಾವ ತೀರ್ಪು ಹೇಗೆ ತಪ್ಪಿತು ಎಂದು ವಿವರಿಸದೆ ಮನುಷ್ಯನನ್ನೇ ಎತ್ತಿಟ್ಟದ್ದು, ತಪ್ಪು ಒಪ್ಪಿ ಮೈದಾನದಲ್ಲಿ ಉಳಿಸಿಕೊಳ್ಳುವುದಕ್ಕಿಂತ ಕ್ರೂರ. ಭಾರತದ ದುಡ್ಡಿಗೆ ಐಸಿಸಿ ಬಗ್ಗಿತು ಎಂದು ಆ ಕಡೆಯವರು ಅಂದರು, ಅಂಪೈರ್ ಉದ್ದೇಶಪೂರ್ವಕ ಮಾಡಿದ ಎಂದು ಈ ಕಡೆಯವರು. ಎರಡನ್ನೂ ಸುಳ್ಳು ಮಾಡಬಲ್ಲ ಕಾಗದ ಹೊರಬರಲೇ ಇಲ್ಲ.

ಹೊರಬಂದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2023ರ ಸೆಪ್ಟೆಂಬರ್ 30ರಂದು ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ಎದುರು ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಹೊಡೆದ ಸರಿಯಾದ ಗೋಲನ್ನು ಆಫ್‌ಸೈಡ್ ಎಂದು ತಳ್ಳಿಹಾಕಿದರು. ಜನ ಕೆರಳಿದರು, ಪಿತೂರಿ ಎಂದರು. ಮೂರು ದಿನಕ್ಕೆ ವಿಡಿಯೊ ಕೋಣೆಯ ಮಾತುಕತೆಯ ಧ್ವನಿಯನ್ನೇ ಬಿಡುಗಡೆ ಮಾಡಿದರು. ಕೇಳಿದರೆ ವಿಷಯ ತಿಳಿಯುತ್ತದೆ. ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಎಂದುಕೊಂಡು ವಿಡಿಯೊ ರೆಫರಿ "ಪರಿಶೀಲನೆ ಮುಗಿಯಿತು" ಎಂದುಬಿಟ್ಟಿದ್ದ. ತಪ್ಪಾಗಿದೆ ಎಂದು ಪಕ್ಕದವರು ಹೇಳುವ ಹೊತ್ತಿಗೆ ಆಟ ಮತ್ತೆ ಶುರುವಾಗಿತ್ತು. ಗಾಬರಿ, ಅವಸರ, ಎಡವಟ್ಟು, ಎಲ್ಲವೂ ಆ ದನಿಗಳಲ್ಲಿವೆ. ಯಾರನ್ನೋ ಗೆಲ್ಲಿಸುವ ಉದ್ದೇಶ ಮಾತ್ರ ಇಲ್ಲ. ಫಲಿತಾಂಶ ಬದಲಾಗಲಿಲ್ಲ, ಸಿಟ್ಟೂ ಪೂರ್ತಿ ಇಳಿಯಲಿಲ್ಲ. ಆದರೆ ದುಡ್ಡು ತಿಂದರು ಎಂಬ ಮಾತಿಗೆ ನಿಲ್ಲಲು ನೆಲ ಇಲ್ಲದಂತಾಯಿತು. ಕಳಸದಲ್ಲಿ ನನಗೆ ಬೇಕಾಗಿದ್ದದ್ದು ಅಂಥದ್ದೇ ಒಂದು ದನಿ.

ಅಷ್ಟು ದೂರ ಹೋಗುವುದೇ ಬೇಡ. ನಮ್ಮ ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲೇ ಕಾರ್ ರ‍್ಯಾಲಿ ನಡೆಯುತ್ತದೆ. 2016ರಲ್ಲಿ, 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಇಲ್ಲೇ ನಡೆಯಿತು. ಸಿಲ್ವರ್ ಓಕ್ ಸಾಲುಗಳ ನಡುವೆ ಕೆಂಪು ಧೂಳೆಬ್ಬಿಸಿ ಹೋದ ಕಾರುಗಳನ್ನು ನೋಡಲು ನಾವೆಲ್ಲ ದರೆಯ ಮೇಲೆ ಹತ್ತಿ ನಿಂತಿದ್ದೆವು. ಆ ಆಟದ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಟೈಮ್ ಕಂಟ್ರೋಲ್‌ನಲ್ಲಿ ಮಾರ್ಷಲ್ ಸಮಯವನ್ನು ಕಾರ್ಡಿನಲ್ಲಿ ಬರೆದು ಕೊಡುತ್ತಾನೆ, ಸಹಚಾಲಕ ಅಲ್ಲೇ ಓದಿ ನೋಡುತ್ತಾನೆ, ತಪ್ಪಿದ್ದರೆ ಅಲ್ಲೇ ಕೇಳುತ್ತಾನೆ. ಸ್ಟೀವರ್ಡ್‌ಗಳ ತೀರ್ಮಾನ ಯಾವ ಕಾರಿಗೆ, ಯಾವ ನಿಯಮದಡಿ, ಏನು ಕಾರಣ ಎಂದು ಸಹಿ, ಸಮಯ ಸಮೇತ ಸೂಚನಾ ಫಲಕಕ್ಕೆ ಬರುತ್ತದೆ. ಯಾರು ಬೇಕಾದರೂ ನಿಂತು ಓದಬಹುದು. ಇದೇ ಪರಂಪರೆಯಿಂದಲೇ ಇರಬೇಕು, 2021ರ ಡಿಸೆಂಬರ್‌ನಲ್ಲಿ ಅಬುಧಾಬಿಯ ಫಾರ್ಮುಲಾ ಒನ್ ಕೊನೆಯ ಲ್ಯಾಪ್ ಗೊಂದಲವಾದಾಗ, ಮರುವರ್ಷ ಮಾರ್ಚ್‌ನಲ್ಲಿ ಆ ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎ ತನ್ನದೇ ರೇಸ್ ಡೈರೆಕ್ಟರ್ ಬಗ್ಗೆ ವರದಿ ಪ್ರಕಟಿಸಿತು. ಮನುಷ್ಯಸಹಜ ತಪ್ಪು ಆಗಿದೆ, ಆದರೆ ಅವರ ಉದ್ದೇಶ ಒಳ್ಳೆಯದೇ ಇತ್ತು ಎಂದು ಬರೆಯಿತು. ಆ ಎರಡನೆಯ ಮಾತನ್ನು ನಂಬುವಂತೆ ಹೇಳಬೇಕಾದರೆ ಮೊದಲನೆಯದನ್ನು ಹೇಳಲೇಬೇಕು.

ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆ ತೋಟದ ಕಣಕ್ಕೆ ಬಂದು ನೋಡಿ. ಹಣ್ಣು ಕುಯ್ದವರು ಚೀಲ ಹೊತ್ತು ಸಾಲು ನಿಂತಿರುತ್ತಾರೆ. ರೈಟ್ರು ತೂಕ ನೋಡಿ ಗಟ್ಟಿಯಾಗಿ ಕೂಗುತ್ತಾರೆ, ಆಮೇಲೆ ಪುಸ್ತಕಕ್ಕೆ ಬರೆಯುತ್ತಾರೆ. "ಅಯ್ಯ, ಇನ್ನೊಂದ್ಸಲ ನೋಡಿ" ಎಂದು ಯಾರಾದರೂ ಅಂದರೆ ಚೀಲ ಮತ್ತೆ ತಕ್ಕಡಿಗೆ ಏರುತ್ತದೆ. ಹೆಚ್ಚುಕಮ್ಮಿ ಬಂದರೆ ಎಲ್ಲರೆದುರು ತಿದ್ದುತ್ತಾರೆ. ಹಾಗೆ ತಿದ್ದಿದ ರೈಟ್ರನ್ನು ಯಾರೂ ಕೀಳಾಗಿ ಕಂಡದ್ದನ್ನು ನಾನು ನೋಡಿಲ್ಲ. ಬಾಗಿಲು ಮುಚ್ಚಿ ತೂಗಿ, ಚೀಟಿ ಮಾತ್ರ ಹೊರಗೆ ಕೊಡುವ ತೋಟಕ್ಕೆ ಮರುವರ್ಷ ಆಳು ಬರುವುದಿಲ್ಲ.

ಅಂಪೈರ್‌ಗಳಿಗೆ ಬೀಳುವ ಬೈಗುಳದ ಮಾತಿಗೆ ನಾನು ತಲೆ ತಗ್ಗಿಸಿಯೇ ಉತ್ತರ ಕೊಡಬೇಕು, ಅದು ನಿಜವಾದ ಭಯ. ಮೊಬೈಲ್‌ನಲ್ಲಿ ಹೆಂಡತಿ ಮಕ್ಕಳವರೆಗೂ ಎಳೆದು ಬೈಯುತ್ತಾರೆ, ವಾಲಿಬಾಲ್ ಟೂರ್ನಿಗಳಲ್ಲಿ ಕುರ್ಚಿ ತೂರುತ್ತಾರೆ. ಆದರೆ ಆ ಬೈಗುಳ ಅಧಿಕೃತ ವರದಿಗಾಗಿ ಕಾದು ಕೂತಿರುವುದಿಲ್ಲ. ತಪ್ಪು ಆದ ಕ್ಷಣದಲ್ಲೇ ಶುರುವಾಗುತ್ತದೆ, ನಿಧಾನಗತಿಯ ದೃಶ್ಯ ಹತ್ತು ಸಲ ಓಡುತ್ತದೆ. ಎಲ್ಲರೂ ಕಂಡ ತಪ್ಪನ್ನು ಮಂಡಳಿ ಮಾತ್ರ ಕಾಣದಂತೆ ನಿಂತರೆ ಅಂಪೈರ್ ಒಬ್ಬಂಟಿಯಾಗುತ್ತಾನೆ. 2010ರ ಜೂನ್ 2ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ ಆರ್ಮಾಂಡೊ ಗಲರಾಗ ಎಂಬ ಬೇಸ್‌ಬಾಲ್ ಪಿಚರ್ ಸತತ 26 ಜನರನ್ನು ಔಟ್ ಮಾಡಿದ್ದ. ಇಪ್ಪತ್ತೇಳನೆಯವನೂ ಔಟಾಗಿದ್ದರೆ ಜೀವಮಾನದ ಸಾಧನೆ. ಔಟೇ ಆಗಿದ್ದವನನ್ನು ಅಂಪೈರ್ ಜಿಮ್ ಜಾಯ್ಸ್ ನಾಟ್ ಔಟ್ ಎಂದ. ಪಂದ್ಯ ಮುಗಿದು ದೃಶ್ಯ ನೋಡಿದವನೇ ಪತ್ರಕರ್ತರ ಮುಂದೆ ತನ್ನದು ತಪ್ಪು ಎಂದ, ಪಿಚರ್ ಬಳಿ ಕ್ಷಮೆ ಕೇಳಿದ. ಮರುದಿನ ಅದೇ ಗಲರಾಗ ತಂಡದ ಪಟ್ಟಿ ಹಿಡಿದು ಮೈದಾನಕ್ಕೆ ಬಂದು ಅವನ ಕೈಗೆ ಕೊಟ್ಟಾಗ ಜಾಯ್ಸ್ ಕಣ್ಣೊರೆಸಿಕೊಂಡ, ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಆಮೇಲೂ ವರ್ಷಗಟ್ಟಲೆ ಅವನು ಅಂಪೈರಿಂಗ್ ಮಾಡಿದ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 2015ರಿಂದ ತುರುಸಿನ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಪ್ರಕಟಿಸುತ್ತಿದೆ. ಅಲ್ಲಿನ ರೆಫರಿಗಳ ಸಂಘ ಇದನ್ನು ವಿರೋಧಿಸಿದ್ದೂ ಉಂಟು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಎರಡೇ ನಿಮಿಷ ಹಿಡಿದು ಅಳೆದರೆ ಉಳಿದ ದುಡಿಮೆ ಮರೆಯಾಗುತ್ತದೆ. ಅದಕ್ಕೆ ಪರಿಹಾರ ಇನ್ನೂ ಹೆಚ್ಚು ಪ್ರಕಟಿಸುವುದು. ಆ ಪಟ್ಟಿಯಲ್ಲಿ ಸರಿಯಾದ ತೀರ್ಪುಗಳೂ ಇರುತ್ತವೆ, ಕಷ್ಟದ ತೀರ್ಪನ್ನು ಕಣ್ಣೆವೆಯಲ್ಲಿ ಸರಿಯಾಗಿ ಕೊಟ್ಟದ್ದೂ ಕಾಣುತ್ತದೆ. ನಮ್ಮಲ್ಲಿ ಅಂಪೈರ್‌ಗೆ ಹೊಗಳಿಕೆ ಸಿಗುವ ಜಾಗವೇ ಇಲ್ಲ.

ಹಾಗಾದರೆ ಏನು ಮಾಡಬೇಕು? ತೀರ್ಪು, ತಪ್ಪಿದ ಕಾರಣ, ಮುಂದೆ ಏನು ತಿದ್ದುಪಡಿ ಎಂಬುದು ಹೊರಬರಬೇಕು. ರಣಜಿ ನಾಕೌಟ್‌ಗಾದರೆ ಪಂದ್ಯ ಮುಗಿದ ಎರಡು ಮೂರು ದಿನದಲ್ಲಿ, ಅಂಪೈರ್ ಮತ್ತು ಟಿ.ವಿ. ಅಂಪೈರ್ ಮಾತಿನ ಧ್ವನಿ ಸಮೇತ. ಸಂಬಳ ಪಡೆದು ದೇಶದ ಮುಂದೆ ನಿಲ್ಲುವವರ ಹೆಸರು ಇರಲಿ. ಹೋಬಳಿ, ತಾಲ್ಲೂಕು ಮಟ್ಟದಲ್ಲಿ ಹೆಸರು ಬೇಡ. ಅಲ್ಲಿ ಅಂಪೈರ್ ಎಂದರೆ ಬೆಳಗಿನಿಂದ ಬಿಸಿಲು ಮಳೆಯಲ್ಲಿ ನಿಂತ ಒಬ್ಬ ಮೇಷ್ಟ್ರು. ಸ್ಕೋರ್ ಶೀಟಿನ ಕೆಳಗೆ ಇಂಥ ತೀರ್ಪು ತಪ್ಪಾಗಿತ್ತು ಎಂದು ಒಂದು ಸಾಲು ಬರೆದು, ಬಹುಮಾನ ವಿತರಣೆಗೆ ಮೊದಲು ಮೈಕ್‌ನಲ್ಲಿ ಓದಿದರೆ ಸಾಕು. ಖರ್ಚಿಲ್ಲ, ಕ್ಯಾಮೆರಾ ಬೇಡ. ಕಪ್ ಗೆದ್ದವರ ಬಳಿಯೇ ಇರಲಿ. ಸೋತ ಮಗು ತನ್ನ ಕಾಲಿನ ಮೇಲಿನ ನಂಬಿಕೆಯನ್ನು ಮನೆಗೆ ಒಯ್ಯಲಿ.

ನಾನು ಆ ಸಾಲನ್ನು ಅವತ್ತು ಬರೆಯಲಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೋ, ತೋಟದ ಕೆಲಸ ಮುಗಿಸಿ ಅಪ್ಪ-ಅಮ್ಮ ಊರು ಬಿಟ್ಟು ಹೋದರಂತೆ. ಈ ಪತ್ರಿಕೆ ಅವಳ ಕೈಗೆ ಸಿಕ್ಕರೂ ಸಿಗಬಹುದು. ಹೌದಮ್ಮ, ನಿನ್ನ ಕಾಲು ಒಳಗೇ ಇತ್ತು. ಮೂರು ಬೆರಳು ಒಳಗೆ. ಆವತ್ತೇ ನಾನು ನೋಡಿದ್ದೆ.